ನಾನು ಹಾಕದ ಸೆಲ್

ಹೋದ ವಾರ ಆಳಂದದಲ್ಲಿ ಒಂದು ಗಡಿಯಾರದ ಅಂಗಡಿಗೆ ಹೋಗಿ ಕಾರಿನ ಕೀಲಿಗೆ ಸೆಲ್ ಹಾಕಿಸಿದೆ. ಅಂಗಡಿಯವನು ಹಳೆಯದನ್ನು ಕಿತ್ತು ನನ್ನ ಅಂಗೈಗೆ ಹಾಕಿದ. ನಾಣ್ಯದಷ್ಟು ಅಗಲ, ತಣ್ಣಗೆ... "ಒಗೀರಿ ಸರ್, ಸತ್ತದ ಅದು" ಅಂದ. ಒಗೆಯಲಾಗಲಿಲ್ಲ. ಮಾಸ್ತರು ನೆನಪಾದರು.

ಅಫಜಲಪುರದ ಬಸ್ ಸ್ಟ್ಯಾಂಡಿನ ಎದುರು, ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಆಫೀಸು. ಮಾಲಕರು, ಮಾಸ್ತರು, ನಾನು, ಮೂರೇ ಮಂದಿ. ತೊಗರಿ ವ್ಯಾಪಾರಿಗಳಿಗಾಗಿ ಒಂದು ವೆಬ್ ಅಪ್ಲಿಕೇಶನ್ ಕಟ್ಟುತ್ತಿದ್ದೆವು. ಮಾಸ್ತರು ಮೊದಲು ಟೈಪಿಂಗ್ ಕಲಿಸುತ್ತಿದ್ದವರು. ಟೈಪ್‌ರೈಟರಿನ ಕಾಲ ಮುಗಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕೋಡ್ ಬರೆಯಲು ಕಲಿತಿದ್ದರು. ಓದಿದ್ದು ಹತ್ತನೆಯ ತರಗತಿ. ನಾನು ನಿಂಬರ್ಗಾದ ಕೂಲಿಯವರ ಮಗ, ನಮ್ಮ ಮನೆತನದ ಮೊದಲ ಪದವೀಧರ. ಬೆಳಿಗ್ಗೆ ತೊಗರಿ ಕೊಯ್ದು ಆಮೇಲೆ ಕಾಲೇಜಿನ ಬಸ್ಸು ಹಿಡಿದವನು. ಆ ಹೆಮ್ಮೆಯನ್ನು ಈಗಲೂ ಬಿಟ್ಟುಕೊಡಲಾರೆ. ಆದರೆ ಅದನ್ನು ಮಾಸ್ತರ ಎದುರು ತೋರಿಸಿದ ರೀತಿ...

ಆಗ ನಮ್ಮ ಪೀಸಿಯಲ್ಲಿ ಒಂದು ತಪ್ಪು ಬಂದು ಬಂದು ಹೋಗುತ್ತಿತ್ತು. ಬರೆದ ಕೋಡನ್ನು ಕಂಪ್ಯೂಟರ್ ನಡೆಸುವ ರೂಪಕ್ಕೆ ಕಟ್ಟುವುದು ಕಂಪೈಲರ್. ಕೋಡ್ ತಿದ್ದಿದಾಗ ಅದು ಎಲ್ಲ ಫೈಲುಗಳನ್ನೂ ಮತ್ತೆ ಕಟ್ಟುವುದಿಲ್ಲ. ಯಾವುದು ಹೊಸದಾಗಿ ಬದಲಾಗಿದೆ ಎಂದು ಫೈಲನ್ನು ಕೊನೆಗೆ ತಿದ್ದಿದ ವೇಳೆ ನೋಡಿ ಅಷ್ಟನ್ನೇ ಕಟ್ಟುತ್ತದೆ. ನಮ್ಮದು ಕೆಲವು ದಿನ ಸರಿಯಾಗಿರುತ್ತಿತ್ತು, ಕೆಲವು ದಿನ ಕಣ್ಣೆದುರೇ ಬರೆದಿದ್ದ ಭಾಗವನ್ನು ಇಲ್ಲವೇ ಇಲ್ಲ ಅನ್ನುತ್ತಿತ್ತು. ಎಲ್ಲ ಅಳಿಸಿ ಮೊದಲಿನಿಂದ ಕಟ್ಟಿದರೆ ಸುಮ್ಮನಾಗುತ್ತಿತ್ತು. ಆ ಹಳೆಯ ಪೀಸಿಯಲ್ಲಿ ಅದಕ್ಕೆ ಅರ್ಧ ತಾಸು ಬೇಕು.

ಗುಟ್ಟು ಹಿಡಿದವರು ಮಾಸ್ತರೇ.

"ಕರೆಂಟ್ ಹೋಗಿ ಬಂದ ಮ್ಯಾಲೇನೇ ಇದರ ಆಟ ಸುರು ಆಗ್ತದ, ನೋಡ್ರಿ. ಒಳಗಿನ ಸೆಲ್ ಸತ್ತದ, ಪೀಸಿ ಟೈಮ್ ಹಿಂದ ಹೋಗಿ ಕುಂಡ್ರತದ. ನಾವು ಈಗ ಬರದದ್ದು ಅದಕ್ಕ ಹಳೇದು ಕಾಣ್ತದ."

ಇಂಟರ್ನೆಟ್ ಸಿಕ್ಕರೆ ವೇಳೆ ತಾನೇ ಸರಿಹೋಗುತ್ತಿತ್ತು. ಅದಕ್ಕೇ ತಪ್ಪು ಒಮ್ಮೆ ಬರುವುದು, ಒಮ್ಮೆ ಬಾರದಿರುವುದು. ಅಂದಿನಿಂದ ಮಾಸ್ತರು ಪೀಸಿ ಚಾಲೂ ಆದ ಕೂಡಲೇ ತಮ್ಮ ಕೈಗಡಿಯಾರ ನೋಡಿ ಅದರ ವೇಳೆ ತಿದ್ದಿಯೇ ಕೆಲಸಕ್ಕೆ ಕೂರುತ್ತಿದ್ದರು. ಒಂದು ದಿನ ನಾಣ್ಯದಂಥ ಹೊಸ ಸೆಲ್ ತರಿಸಿ ನನ್ನ ಕೈಗೆ ಕೊಟ್ಟರು.

"ಡಿಗ್ರಿ ಸಾಹೇಬ್ರ, ನನ್ನ ಮೊಣಕಾಲು ಬಗ್ಗೂದಿಲ್ಲ. ಜರಾ ಟೇಬಲ್ ಕೆಳಗ ಹೋಗಿ ಇದನ್ನ ಹಾಕಿಬಿಡ್ರಿ."

ನಗುತ್ತಲೇ ಅಂದಿದ್ದರು. ನನಗೆ ಚುಚ್ಚಿತು. ಇಸ್ತ್ರಿ ಅಂಗಿ ಹಾಕಿಕೊಂಡು, ಟೈಪಿಂಗ್ ಮಾಸ್ತರ ಮಾತಿಗೆ ನಾನು ಟೇಬಲ್ಲಿನ ಕೆಳಗೆ ತೆವಳಬೇಕೇ? ಸೆಲ್ಲನ್ನು ಡ್ರಾಯರಿಗೆ ಎಸೆದೆ. ಸಂಜೆ ಕೇಳಿದಾಗ "ಹಾಕೇನಿ ಮಾಸ್ತರ" ಅಂದುಬಿಟ್ಟೆ.

ಅವರು ನಂಬಿದರು. ಮರುದಿನದಿಂದ ವೇಳೆ ತಿದ್ದುವುದನ್ನು ಬಿಟ್ಟರು. ತಪ್ಪು ಮತ್ತೆ ಬಂದಾಗ ನನ್ನನ್ನು ಸಂಶಯಿಸಲಿಲ್ಲ, ತಮ್ಮ ಕೋಡನ್ನೇ ಸಂಶಯಿಸಿದರು. ತಾವು ಬರೆದ ಫೈಲುಗಳನ್ನೆಲ್ಲ ಪ್ರಿಂಟ್ ತೆಗೆದು, ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ವಾರಗಟ್ಟಲೆ ಓದಿದರು. ನಾನು ಪಕ್ಕದಲ್ಲೇ ಕೂತು ನೋಡಿದೆ. ಡ್ರಾಯರು ನನ್ನ ಮೊಣಕೈಯ ಹತ್ತಿರವೇ ಇತ್ತು.

ವ್ಯಾಪಾರಿಗಳಿಗೆ ಕೆಲಸ ತೋರಿಸುವ ದಿನ ಅವರೆಲ್ಲ ಬಂದು ಕೂತ ಹೊತ್ತಿಗೇ ಕರೆಂಟ್ ಹೋಗಿ ಬಂತು. ಕೊನೆಗಳಿಗೆಯಲ್ಲಿ ಮಾಸ್ತರು ತೊಗರಿ ದರದ ಒಂದು ಪುಟ ತಿದ್ದಿದರು. ಪರದೆ ತುಂಬ ಕೆಂಪು ಅಕ್ಷರ. ಅರ್ಧ ತಾಸು ಕಾಯುವವರು ಯಾರು? ವ್ಯಾಪಾರಿಗಳು ಎದ್ದು ಹೋದರು. ಮಾಸ್ತರು ತಲೆ ತಗ್ಗಿಸಿ "ನನ್ನ ಫೈಲಿನಾಗೇ ಏನೋ ತಪ್ಪದ ಮಾಲಕ್ರ" ಅಂದರು.

"ಟೈಪ್ ಹೊಡೆಯೋದು ಬ್ಯಾರೆ, ಇದು ಬ್ಯಾರೆ ಮಾಸ್ತರ. ನಾಳಿಂದ ಬರಬ್ಯಾಡ್ರಿ."

ಆಗಲಾದರೂ ನಾನು ಬಾಯಿ ತೆರೆಯಬಹುದಿತ್ತು...

ಮರುದಿನ ಮಾಲಕರು ಬರುವ ಮೊದಲೇ ಟೇಬಲ್ಲಿನ ಕೆಳಗೆ ತೆವಳಿ ಸೆಲ್ ಹಾಕಿದೆ. ಆ ತಪ್ಪು ಮತ್ತೆಂದೂ ಬರಲಿಲ್ಲ. "ಡಿಗ್ರಿ ಅಂದ್ರ ಡಿಗ್ರಿ ನೋಡಪಾ" ಅಂತ ಮಾಲಕರು ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ.

ವರ್ಷಗಳು ಕಳೆದ ಮೇಲೆ, ಮಾಸ್ತರು ಜೇವರ್ಗಿಯಲ್ಲಿ ಮಗಳ ಮನೆಯಲ್ಲಿದ್ದಾರೆಂದು ಕೇಳಿ ಹೋದೆ. ನಾನು ಹೋಗುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಮಾಸ್ತರ ಜೊತೆ ಆಫೀಸಿನಲ್ಲಿದ್ದವನು ಎಂದು ಹೇಳಿದೆ, ಮಗಳು ಚಹಾ ಕೊಟ್ಟರು. ಕಪಾಟಿನಿಂದ ಆ ಪ್ರಿಂಟ್ ಹಾಳೆಗಳ ಕಟ್ಟು ತಂದು ಮುಂದಿಟ್ಟರು. ಅಂಚುಗಳು ಜೀರ್ಣವಾಗಿದ್ದವು.

"ನಮ್ಮ ಅಬ್ಬಾ ಇದನ್ನ ಆಗಾಗ ತೆಗೆದು ಓದ್ತಿದ್ರು. ತಪ್ಪು ಎಲ್ಲಿತ್ತು ಅಂತ ಆ ಡಿಗ್ರಿ ಸಾಹೇಬ್ರಿಗೆ ಗೊತ್ತಾಗಿರಬೇಕು ಅಂತಿದ್ರು. ಗೊತ್ತಾತೇನ್ರಿ ನಿಮಗ?"

"ಇಲ್ರಿ ಅಕ್ಕಾ" ಅಂದೆ.

ಎರಡನೆಯ ಸಲವೂ ಸುಳ್ಳು. ಈ ಸಲ ಡಿಗ್ರಿಯ ಸೊಕ್ಕಿಗಲ್ಲ, ಬರೀ ಹೆದರಿಕೆಗೆ. ಮಾಸ್ತರ ಫೈಲಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಇದನ್ನು ಕೇಳಬೇಕಾದವರು ಈಗಿಲ್ಲ. ಮಗಳಿದ್ದಾರೆ. ಆಳಂದದ ಅಂಗಡಿಯ ಸೆಲ್ ಇನ್ನೂ ನನ್ನ ಅಂಗಿಯ ಜೇಬಿನಲ್ಲಿದೆ. ಜೇವರ್ಗಿಯ ಬಸ್ಸು ದಿನಾ ಹೋಗುತ್ತದೆ, ನಾನು ಮಾತ್ರ ಇನ್ನೂ ಹತ್ತಿಲ್ಲ.