ಅಣ್ಣನ ಪುಟವನ್ನು ಕಾಪಿಟ್ಟದ್ದು

ಇವತ್ತು ಬೆಳಿಗ್ಗೆ ಚಹಾ ಸೋಸುತ್ತಿದ್ದಾಗ ಮೊಬೈಲು ಟಿಣ್ ಎಂದಿತು. ಜಾಗ ತುಂಬಿದೆ, ಹಳೆಯ ಫೈಲುಗಳನ್ನು ಅಳಿಸಲೇ ಎಂದು ಕೇಳುತ್ತಿತ್ತು. ಕೆಳಗೆ 'ಓಕೆ' ಎಂಬ ನೀಲಿ ಗುಂಡಿ. ನೀವಾಗಿದ್ದರೆ ಒತ್ತಿ ಮುಂದಿನ ಕೆಲಸಕ್ಕೆ ಹೋಗುತ್ತಿದ್ದಿರಿ. ನಾನು ಮಾತ್ರ ಅರ್ಧ ಚಹಾವನ್ನು ಕಪ್ಪಿನ ಹೊರಗೆ ಸೋಸಿದೆ.

ನಾನು ಮೊದಲೇ ಅಂಜುಬುರುಕಿ. ಕುಕ್ಕರು ಸೀಟಿ ಹಾಕಿದರೂ ಭಯ, ಹಾಕದಿದ್ದರೆ ಇನ್ನೂ ಭಯ. ಲಿಫ್ಟಿನಲ್ಲಿ ಒಬ್ಬಳೇ ಹತ್ತುವುದಿಲ್ಲ. ಎಟಿಎಮ್ಮು ಒಳಗೊಳಗೇ ಗುರುಗುಡುವಾಗ ಕಾರ್ಡಿನ ಆಸೆ ಬಿಟ್ಟು ಹೊರಗೆ ಓಡಬೇಕೆನಿಸುತ್ತದೆ. ಇವೆಲ್ಲ ಹುಟ್ಟಿನಿಂದ ಬಂದ ಭಯಗಳು, ಇವುಗಳ ಜೊತೆ ಹೇಗೋ ಸಂಸಾರ ಸಾಗಿದೆ. 'ಓಕೆ'ಯ ಭಯ ಮಾತ್ರ ಆಮೇಲೆ ಅಂಟಿಕೊಂಡದ್ದು, ಕಾಚಿಗೂಡದಲ್ಲಿ, ನಮ್ಮ ವೈನಿಯ ಮನೆಯಲ್ಲಿ.

ವೈನಿ ಎಂದರೆ ನನ್ನ ಅಣ್ಣ ಗುರುರಾಜನ ಹೆಂಡತಿ. ಅಣ್ಣನಿಗೆ ಪಟಾನ್‌ಚೆರುವಿನ ಒಂದು ಔಷಧ ಫ್ಯಾಕ್ಟರಿಯಲ್ಲಿ ಕೆಲಸ. ನಗರದ ಆಚೆ ತುದಿಯಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಏಳಿಸುತ್ತಿದ್ದ ಕಾಲ ಅದು. ಪಕ್ಕದ ಮನೆಗೆ ಕಂಪ್ಯೂಟರು ಬಂತೆಂದು ಅಣ್ಣನ ಮನೆಗೂ ಬಂತು. ಅದರಿಂದ ಏನು ಮಾಡಬೇಕೆಂಬುದು ಆಮೇಲಿನ ಮಾತು. ಅಣ್ಣ ಮಾಡಿದ್ದು ಒಂದೇ. ಆಗ ಎಲ್ಲರ ಬಾಯಲ್ಲೂ ಇದ್ದ, ಈಗ ಯಾರಿಗೂ ನೆನಪಿಲ್ಲದ ಒಂದು ಜಾಲತಾಣದಲ್ಲಿ ತನ್ನದೊಂದು ಪುಟ ಮಾಡಿಕೊಂಡು ದಿನಾ ಸಂಜೆ ಕನ್ನಡದಲ್ಲಿ ಬರೆಯತೊಡಗಿದ. ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿಕೊಂಡಿದ್ದ. ಬಸ್ಸಿನಲ್ಲಿ ಸಿಕ್ಕ ಯಾದಗಿರಿ ಕಡೆಯ ಗಾರೆ ಕೆಲಸದವರ ಮಾತು, ಫ್ಯಾಕ್ಟರಿಯ ವಾಸನೆ ಅಂಗಿಗೆ ಹತ್ತಿ ಮನೆಯವರೆಗೂ ಬರುವುದು, ವೈನಿಯ ಝುಣಕದ ಖಾರ. ಎಲ್ಲದಕ್ಕೂ ಮೂರು ಮೂರು ಆಶ್ಚರ್ಯಸೂಚಕಗಳು. ನಮ್ಮ ಅಣ್ಣನಿಗೆ ಲೋಕದಲ್ಲಿ ಆಶ್ಚರ್ಯವಾಗದ ಸಂಗತಿಯೇ ಇರಲಿಲ್ಲ.

ವೈನಿಗೆ ಕಂಪ್ಯೂಟರು ಕಲಿಸಿದವನೂ ಅವನೇ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನಾದರೂ ಮೂಡಿದರೆ ವೈನಿ ಕೈ ಹಿಂದೆ ತೆಗೆದುಬಿಡುತ್ತಿದ್ದರು. "ಏನರ ಕೇಳಿದ್ರ ಓಕೆ ಅಂದುಬಿಡು. ಕಂಪ್ಯೂಟರ್ ಅಂದ್ರ ಬೀಗರಿದ್ದಂಗ, ಎದುರು ಮಾತಾಡಬಾರದು" ಎಂದು ಅಣ್ಣ ನಗುತ್ತಿದ್ದ. ವೈನಿ ಆ ಮಾತನ್ನು ಗಂಟು ಕಟ್ಟಿಟ್ಟುಕೊಂಡರು.

ಗಂಡನ ಮಾತನ್ನು ಹೀಗೆ ಪಾಲಿಸುವ ವೈನಿ ಗಂಡನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಿದವರಲ್ಲ. ನಮ್ಮ ಕಡೆಯ ಹಳೆಯ ರೂಢಿ. ಮದುವೆ ಮುಂಜಿಗಳಲ್ಲಿ ಹೆಂಗಸರು ಸುತ್ತುಗಟ್ಟಿ, ಒಡಪಿನ ಪದ್ಯ ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳು ಎಂದು ಪೀಡಿಸಿದರೆ ಅಡಿಗೆಮನೆಗೆ ಓಡುತ್ತಿದ್ದರು. ಮನೆಗೆ ಬಂದ ಸರ್ಕಾರಿ ಗುಮಾಸ್ತ ಯಜಮಾನರ ಹೆಸರು ಕೇಳಿದರೆ ಬಾಗಿಲ ಮೇಲಿನ ಫಲಕ ತೋರಿಸುತ್ತಿದ್ದರು. ಫಲಕ ತೆಲುಗಿನಲ್ಲಿತ್ತು, ಗುಮಾಸ್ತನಿಗೆ ಅನುಕೂಲವೇ ಆಯಿತು.

ಅಣ್ಣ ಒಂದು ಮಧ್ಯಾಹ್ನ ಫ್ಯಾಕ್ಟರಿಯಲ್ಲೇ ಎದೆ ಹಿಡಿದು ಕೂತವನು ಏಳಲಿಲ್ಲ. ಅದನ್ನು ಹೆಚ್ಚು ಬರೆಯಲಾರೆ. ವೈನಿ ದಿನಾ ದೀಪ ಹಚ್ಚಿದ ಮೇಲೆ ಅವನ ಪುಟ ತೆರೆದು, ಮೇಲಿಂದ ಕೆಳಗೆ ಓದಿ, ಮುಚ್ಚಿಡುತ್ತಿದ್ದರು. ಕೆಲವರು ಪಾರಾಯಣ ಮಾಡುತ್ತಾರಲ್ಲ, ಹಾಗೆ. ವರ್ಷಗಟ್ಟಲೆ ಇದು ನಡೆಯಿತು. ಹೀಗಿರುವಾಗ ಆ ಜಾಲತಾಣವನ್ನೇ ಮುಚ್ಚುತ್ತಾರಂತೆ ಎಂಬ ಸುದ್ದಿ ಬಂತು.

"ಹಂಗಂದ್ರ ಅವರು ಬರದಿದ್ದು ಎಲ್ಲಿ ಹೋಗತೈತಿ?" ಎಂದರು ವೈನಿ.

ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಸುಟ್ಟರೆ ಬೂದಿಯಾದರೂ ಉಳಿಯುತ್ತದೆ. ಇದಕ್ಕೆ ಅದೂ ಇಲ್ಲ. ಒಬ್ಬ ಮನುಷ್ಯ ಎರಡನೆಯ ಸಲ ಸಾಯಲು ಹೊರಟಿದ್ದ, ಈ ಸಲ ತಾರೀಖು ಮೊದಲೇ ತಿಳಿಸಿ.

ಅವನ ಗುಪ್ತಪದ ನಮಗೆ ತಿಳಿಯದು. ಹಾಗಾಗಿ ಒಂದೊಂದೇ ಬರಹವನ್ನು ನಕಲಿಸಿ, ಕಂಪ್ಯೂಟರಿನ ಖಾಲಿ ನೋಟ್‌ಪ್ಯಾಡಿಗೆ ಅಂಟಿಸಿ, ಉಳಿಸುವುದೆಂದು ತೀರ್ಮಾನಿಸಿದೆವು. ನಾನು ಸಾಲು ತಪ್ಪದಂತೆ ನೋಡುತ್ತಿದ್ದೆ, ವೈನಿ ಮೌಸು ಹಿಡಿಯುತ್ತಿದ್ದರು. ಉಳಿಸುವಾಗೆಲ್ಲ ಪರದೆಯ ನಡುವೆ ಇಂಗ್ಲಿಷಿನಲ್ಲಿ ಒಂದು ಚೌಕ ಮೂಡುತ್ತಿತ್ತು. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ವೈನಿ, ಬೀಗರಿಗೆ ತಲೆದೂಗುವಂತೆ, ಓಕೆ ಒತ್ತಿರುತ್ತಿದ್ದರು. ಚೌಕ ಹೋಗುತ್ತಿತ್ತು. ಅಣ್ಣನ ಮಾತು ಪರದೆಯ ಮೇಲೆ ಹಾಗೇ ಇರುತ್ತಿತ್ತು. ನಮಗೇನು ಅನುಮಾನ?

"ಒಮ್ಮೆ ತಗದು ನೋಡೋಣೇನ್ರಿ ವೈನಿ?" ಎಂದು ನಾನು ಒಂದು ಸಂಜೆ ಕೇಳಿದ್ದುಂಟು.

"ಬ್ಯಾಡವಾ. ಉಪ್ಪಿನಕಾಯಿ ಭರಣಿಗೆ ಅರಿವಿ ಕಟ್ಟಿದ ಮ್ಯಾಲೆ ಘಳಿಗಿಗೊಮ್ಮೆ ಕೈ ಹಾಕತಾರೇನು? ಅವರ ತಿಥಿ ದಿನ ತಗಿಯೋಣ."

ಜಾಲತಾಣ ಮುಚ್ಚಿತು. ಅಣ್ಣನ ತಿಥಿ ಬಂತು. ಊಟ ಮುಗಿದು ಎಲೆ ತೆಗೆದ ಮೇಲೆ ನಾವಿಬ್ಬರೂ ಕಂಪ್ಯೂಟರಿನ ಮುಂದೆ ಕೂತು ಮೊದಲ ಫೈಲು ತೆರೆದೆವು. ಮೇಲೆ ಇಂಗ್ಲಿಷಿನಲ್ಲಿ ಗುರುರಾಜ ಎಂಬ ಹೆಸರು. ಕೆಳಗೆ ಪ್ರಶ್ನಾರ್ಥಕ ಚಿಹ್ನೆಗಳು. ಸಾಲು ಸಾಲು, ಪುಟದ ತುದಿಯವರೆಗೆ. ನಡುನಡುವೆ ಒಂದಿಷ್ಟು ಖಾಲಿ ಜಾಗ, ಅಲ್ಲಲ್ಲಿ ಅವನ ಮೂರು ಆಶ್ಚರ್ಯಸೂಚಕಗಳು. ಎರಡನೆಯ ಫೈಲು, ಮೂರನೆಯದು, ಎಲ್ಲವೂ ಅದೇ. ಒಂದೂ ಕನ್ನಡ ಅಕ್ಷರ ಉಳಿದಿರಲಿಲ್ಲ.

ಕಂಪ್ಯೂಟರ್ ಅಂಗಡಿಯವನು ಬಂದು ನೋಡಿದ. ಆ ಚೌಕ ಎಚ್ಚರಿಸಿದ್ದು ಅದನ್ನೇ ಅಂತೆ: ಹೀಗೆ ಉಳಿಸಿದರೆ ನಿಮ್ಮ ಭಾಷೆಯ ಅಕ್ಷರಗಳು ಹೋಗುತ್ತವೆ, ಆದೀತೇ ಎಂದು. "ಗಯಾ ಸೋ ಗಯಾ, ಅಮ್ಮಾ", ಹೋದದ್ದು ಹೋಯಿತು, ಎಂದು ಕೈಚೆಲ್ಲಿದ. ನಾನು ವೈನಿಯ ಮುಖ ನೋಡಲು ಧೈರ್ಯವಾಗದೆ ಕೀಬೋರ್ಡಿನ ಧೂಳು ಒರೆಸುತ್ತ ಕೂತೆ.

ಆಗ ವೈನಿಯ ದನಿ ಕೇಳಿತು. ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದರು!

"ಇದು ಎಕ್ಸಿಬಿಷನ್ನಿಂದು ನೋಡು. 'ನಿನ್ನೆ ನಾಂಪಲ್ಲಿ ಎಕ್ಸಿಬಿಷನ್ನಿನ್ಯಾಗ ನನ್ನ ಹೆಂಡತಿ ಕಳದಿದ್ದಳು…'"

ಅದು ನನಗೂ ಗೊತ್ತಿದ್ದ ಕಥೆ. ಜನವರಿಯ ಜಾತ್ರೆಯಂಥ ಆ ಗದ್ದಲದಲ್ಲಿ ವೈನಿ ತಪ್ಪಿಸಿಕೊಂಡು, ಮೈಕಿನವನ ಬಳಿ ಹೋದರು. ಗಂಡನ ಹೆಸರು ಹೇಳಿ ಎಂದರೆ ಹೇಳಲೊಲ್ಲರು. ಅವನು ಕೊನೆಗೆ ಬೇಸತ್ತು, "ಪಟಾನ್‌ಚೆರು ಫ್ಯಾಕ್ಟರಿವಾಲೇ ಸಾಬ್, ಆಪ್ ಕೀ ಬೇಗಂ ಇಧರ್ ಹೈ" ಎಂದು ಕೂಗಿದ. ಪಟಾನ್‌ಚೆರುವಿನಲ್ಲಿ ಫ್ಯಾಕ್ಟರಿಗಳಿಗೇನು ಬರ? ಹೆಂಡತಿ ಕಾಣದ ನಾಲ್ಕಾರು ಗಂಡಸರು ಓಡಿ ಬಂದು ಸಾಲಾಗಿ ನಿಂತರು. ಇವರಲ್ಲಿ ಯಾರಮ್ಮಾ ಎಂದರೆ ವೈನಿ ತಲೆ ತಗ್ಗಿಸಿ, ಅಣ್ಣನತ್ತ ಬೆರಳು ತೋರಿಸಿ, "ಇವರ" ಎಂದರಂತೆ. ಅಣ್ಣನ ಬರಹ ಅಲ್ಲಿಗೆ ಮುಗಿದಿತ್ತು, ಮೂರು ಆಶ್ಚರ್ಯಸೂಚಕಗಳೊಂದಿಗೆ.

ಚಿಹ್ನೆಗಳ ಉದ್ದ ಗಿಡ್ಡ ನೋಡಿ ವೈನಿ ಒಂದೊಂದೇ ಬರಹ ಗುರುತಿಸಿದರು. ಅಷ್ಟು ವರ್ಷ ಓದಿದ್ದರಲ್ಲ. ಹೆಸರೊಂದನ್ನು ಮಾತ್ರ, ನೀಟಾಗಿ ಉಳಿದಿದ್ದ ಆ ಒಂದೇ ಒಂದನ್ನು, ಪ್ರತಿ ಸಲವೂ ದಾಟಿ ಮುಂದೆ ಹೋಗುತ್ತಿದ್ದರು. ನನಗೆ ನಗು, ಅಳು ಎರಡೂ ಬಂದವು.

ಆದರೆ ಭಯ ಎಲ್ಲಿ ಬಿಟ್ಟೀತು? ಕೆಲವು ತಿಂಗಳಲ್ಲಿ ಗಮನಿಸಿದೆ: ಅದೇ ಸಾಲಿನಲ್ಲಿ ಒಂದು ದಿನ ವೈನಿ ಬಳೆ ಅಂಗಡಿಯ ಹತ್ತಿರ ತಪ್ಪಿಸಿಕೊಳ್ಳುತ್ತಿದ್ದರು, ಇನ್ನೊಂದು ದಿನ ತೊಟ್ಟಿಲ ಚಕ್ರದ ಹತ್ತಿರ. ಅಣ್ಣ ಬರೆದದ್ದು ಯಾವುದು? ತಾಳೆ ನೋಡಲು ಏನೂ ಉಳಿದಿರಲಿಲ್ಲ. ಅವನ ಮಾತಿಗೆ ಈಗ ಒಂದೇ ಪ್ರತಿ, ಅದೂ ಬಿಪಿ, ಶುಗರು ಇರುವ ಪ್ರತಿ. ಅಂದಿನಿಂದ ಅವರು ಓದುವುದನ್ನು ನನ್ನ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳತೊಡಗಿದೆ. ಮೊಬೈಲು ಬದಲಾದಾಗಲೆಲ್ಲ ಆ ಧ್ವನಿಗಳು ಹೊಸದಕ್ಕೆ ಬಂದವೇ ಎಂದು ಎದೆ ಹೊಡೆದುಕೊಳ್ಳುವುದು ಇಂದಿಗೂ ತಪ್ಪಿಲ್ಲ.

ಈಗ ವೈನಿ ನಮ್ಮ ಮನೆಯಲ್ಲೇ ಇದ್ದಾರೆ. ಒಲೆ ಆರಿಸುವುದನ್ನು ಮರೆಯುತ್ತಾರೆ, ನನ್ನನ್ನು ಕೆಲವು ಸಲ ತಮ್ಮ ತಂಗಿ ಎಂದುಕೊಳ್ಳುತ್ತಾರೆ. ವಯಸ್ಸಾಯಿತು ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಬಹಳ ದಿನಗಳಿಂದ ಫೈಲು ತೆರೆದಿರಲಿಲ್ಲ, ತೆರೆಯಲು ಅಂಜಿಕೆ.

ಇವತ್ತು ಬೆಳಿಗ್ಗೆ ಚೆಲ್ಲಿದ ಚಹಾ ಒರೆಸಿ, ಮೊಬೈಲಿನಲ್ಲಿ ತುಂಬಿದ್ದ ಶುಭೋದಯದ ಗುಲಾಬಿಗಳನ್ನೂ ನನ್ನದೇ ಪ್ರವಾಸದ ಫೋಟೋಗಳನ್ನೂ ಒಂದೊಂದಾಗಿ ಅಳಿಸಿ, ಲ್ಯಾಪ್‌ಟಾಪಿನಲ್ಲಿ ಅಣ್ಣನ ಆ ಹಳೆಯ ಫೈಲು ತೆರೆದು ವೈನಿಯ ಮುಂದೆ ಇಟ್ಟೆ. ಅವರು ಪರದೆಯನ್ನು ಬಗ್ಗಿ ನೋಡಿದರು. ಆಮೇಲೆ, ಅಂಗಡಿಯ ಬೋರ್ಡು ಓದುವವರಂತೆ, ಸ್ಪಷ್ಟವಾಗಿ ಓದಿದರು:

"ಗುರುರಾಜ."

ಜನ್ಮವಿಡೀ ಆ ಬಾಯಿಂದ ಬಾರದಿದ್ದ ಹೆಸರು.

"ಯಾರಿವರು? ನಿಮ್ಮ ಆಫೀಸಿನವರೇನು?" ಎಂದು ಕೇಳಿದರು.

ನಾನು ಇಷ್ಟು ದಿನ ಅಂಜಿದ್ದು ಇದಕ್ಕೇ ಎಂದು ಆಗ ತಿಳಿಯಿತು. ಮೊಬೈಲಿನಲ್ಲಿ ಅವರದೇ ಹಳೆಯ ಧ್ವನಿ ಹಚ್ಚಿದೆ. 'ನಿನ್ನೆ ನಾಂಪಲ್ಲಿ ಎಕ್ಸಿಬಿಷನ್ನಿನ್ಯಾಗ ನನ್ನ ಹೆಂಡತಿ ಕಳದಿದ್ದಳು…' ವೈನಿ ಕಿವಿಗೊಟ್ಟು ಕೇಳಿದರು. ಗಂಡಸರು ಸಾಲಾಗಿ ನಿಂತ ಕಡೆ ಸೆರಗು ಬಾಯಿಗೆ ಒತ್ತಿ ನಕ್ಕರು. ಕಥೆಯ ಕೊನೆ ಬರುವ ಮೊದಲೇ ನನ್ನ ಹಾಳು ಬೆರಳು ಎಲ್ಲೋ ತಗುಲಿ, ಧ್ವನಿ ನಿಂತುಹೋಯಿತು. ಅಳಿಸಿಹೋಯಿತೋ ಏನೋ ಎಂದು ನಾನು ಗಾಬರಿಯಿಂದ ಮೊಬೈಲು ತಡಕಾಡುತ್ತಿದ್ದೆ.

ಅಷ್ಟರಲ್ಲಿ ವೈನಿ ತಲೆ ತಗ್ಗಿಸಿದರು. ಬಲಗೈ ಮೆಲ್ಲಗೆ ಮೇಲೆದ್ದಿತು. ಪರದೆಯ ಮೇಲಿದ್ದ ಆ ಹೆಸರಿಗೆ ಬೆರಳು ತೋರಿಸಿ, "ಇವರ" ಎಂದರು.