ಗಂಟು ಎತ್ತುವ ಹೊತ್ತು

ಬಂಗಾರಪೇಟೆ ಪಾನಿಪೂರಿಯ ಪಾನಿಗೆ ಬಣ್ಣವಿರುವುದಿಲ್ಲ. ಬೇರೆ ಊರಿನವರು ಲೋಟದೊಳಗೆ ಇಣುಕಿ, "ಇದೇನ್ರೀ, ಬರೀ ನೀರು" ಎನ್ನುತ್ತಾರೆ. ಒಂದು ಗುಟುಕು ಒಳಗೆ ಹೋದ ಮೇಲೆ ಮಾತು ನಿಲ್ಲುತ್ತದೆ. ಆ ಪಾನಿಯನ್ನು ರಾಬರ್ಟ್‌ಸನ್‌ಪೇಟೆಯಲ್ಲಿ ಹದವಾಗಿ ಮಾಡುವವಳು ಒಬ್ಬಳೇ, ಮುನಿನಾರಾಯಣಮ್ಮ. ಇದನ್ನು ಒಪ್ಪದವರು ನನ್ನ ಟೈಲರಿಂಗ್ ಅಂಗಡಿಗೆ ಬಂದು ಜಗಳ ಆಡಬಹುದು. ಹದಿನೆಂಟು ವರ್ಷದಿಂದ ಅವಳ ಗಾಡಿ ನಿಲ್ಲುವುದು ನನ್ನ ಬಾಗಿಲ ಮುಂದೆ, ಮನೆಯೂ ಆಂಡರ್ಸನ್‌ಪೇಟೆಯ ನಮ್ಮ ಗಲ್ಲಿಯಲ್ಲೇ. ಅವಳ ವಿಷಯದಲ್ಲಿ ನಾನು ಮೂಗು ತೂರಿಸದಿದ್ದರೆ ಇನ್ಯಾರು ತೂರಿಸಬೇಕು?

ಪಾನಿ ಮಾಡುವ ಕ್ರಮವನ್ನು ಅವಳು ಬಂಗಾರಪೇಟೆಯ ಅತ್ತೆಯಿಂದ ಕಲಿತದ್ದು. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ, ಓಂಕಾಳು ಜಜ್ಜಿ ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಉಪ್ಪು ನಿಂಬೆ ಬೆರೆಸಿದ ನೀರಿಗೆ ಇಳಿಬಿಡಬೇಕು. ಬೇಗ ಎತ್ತಿದರೆ ಸಪ್ಪೆ, ತಡವಾದರೆ ಕಹಿ. ಬೆಳ್ಳುಳ್ಳಿ ಎಳೆಯದೋ ಬಲಿತದ್ದೋ, ದಿನ ಬಿಸಿಲೋ ತಂಪೋ ನೋಡಿಕೊಂಡು ಎತ್ತುವ ಹೊತ್ತು ದಿನಾ ಬದಲಾಗುತ್ತದೆ. ರುಚಿ ನೋಡುವಂತೆಯೂ ಇಲ್ಲ. ಮೊದಲ ಲೋಟ ದೇವರ ಪಟದ ಮುಂದೆ ಇಡುವವರೆಗೆ ನಾಲಿಗೆಗೆ ಮುಟ್ಟಿಸಬಾರದು ಎಂಬುದು ಅತ್ತೆ ಹಾಕಿಕೊಟ್ಟ ಕಟ್ಟಳೆ. ಹಾಗಾಗಿ ಎಲ್ಲವೂ ಮೂಗಿನ ಮೇಲೆ. ಅವಳು ಪಾತ್ರೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಗಂಟು ಎತ್ತಿಬಿಡುತ್ತಿದ್ದಳು.

ಕಳೆದ ದೀಪಾವಳಿ ಹೊತ್ತಿಗೆ ಒಂದು ಜ್ವರ ಬಂತು. ಮೂರು ದಿನಕ್ಕೆ ಹೋಯಿತು, ಹೋಗುವಾಗ ಅವಳ ಮೂಗನ್ನೂ ಕಟ್ಟಿಕೊಂಡು ಹೋಯಿತು. ಕಾಫಿಯಿಲ್ಲ, ಮಲ್ಲಿಗೆಯಿಲ್ಲ, ಸೀದ ಅನ್ನವೂ ಗೊತ್ತಾಗುವುದಿಲ್ಲ. ನನ್ನೊಬ್ಬಳಿಗೆ ಹೇಳಿದಳು. "ಉಸ್ರಾಡಕ್ಕೆ ಆಯ್ತದಲ್ಲ, ಸಾಕು ಬಿಡಕ್ಕ" ಎಂದೆ ನಾನು. ಕಣ್ಣು ಹೋಗಿದ್ದರೆ ಹಾಗೆ ಅನ್ನುತ್ತಿದ್ದೆನೇ? ಈಗಲೂ ಆ ಮಾತು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಎರಡು ತಿಂಗಳು ಅಂದಾಜಿನ ಮೇಲೆ ನಡೆಸಿದಳು. ಸಂಕ್ರಾಂತಿ ಮುಗಿದ ವಾರ ಆಟೋ ಸೆಲ್ವರಾಜ್ ಬಂದು ಒಂದು ಲೋಟ ಕುಡಿದು, "ಅಕ್ಕಾ, ಪಾನಿ ಇವತ್ತು ವಾಸನೆಯಾ ಐತೆ" ಎಂದ. ತಮಿಳು ಮನೆಮಾತಿನ ಸೆಲ್ವರಾಜನಿಗೆ ವಾಸನೆ ಎಂದರೆ ಪರಿಮಳ. ನಾವು ಹಾಲು ವಾಸನೆ ಅಂದರೆ ಕೆಟ್ಟಿದೆ ಎಂದು ಅರ್ಥ. ಮೂರು ಭಾಷೆ ಕಲಸಿ ಮಾತಾಡುವ ಈ ಊರಲ್ಲಿ ಅವಳಿಗೆ ಎರಡೂ ಗೊತ್ತು. ಬೇರೆ ದಿನವಾಗಿದ್ದರೆ ಬಾಗಿ ಒಮ್ಮೆ ಮೂಸಿ, ಯಾವ ವಾಸನೆ ಎಂದು ತಿಳಿದು ನಗುತ್ತಿದ್ದಳು. ಅಂದು ಬಾಗಿದಳು, ಮೂಸಿದಳು, ಏನೂ ಇರಲಿಲ್ಲ. ಜನ ನೋಡುತ್ತಿದ್ದಂತೆ ಇಡೀ ಪಾತ್ರೆ ಎತ್ತಿ ಚರಂಡಿಗೆ ಸುರಿದಳು. ಹೊಗಳಿದವನು ಲೋಟ ಹಿಡಿದು ಪೆಚ್ಚಾಗಿ ನಿಂತಿದ್ದ.

ಮಾರನೆಯ ದಿನದಿಂದ ಅವಳು ಗಾಡಿಗೆ ಬರಲಿಲ್ಲ. ಗಂಟು ಕಟ್ಟುವ ಕೆಲಸ ಸೊಸೆ ಚಂದನಳ ಪಾಲಿಗೆ ಬಂತು. ಚಂದನಳಿಗೆ ಆಗ ಎರಡು ತಿಂಗಳು, ಬೆಳ್ಳುಳ್ಳಿ ಕಂಡರೆ ಓಕರಿಕೆ. ಒಬ್ಬಳಿಗೆ ಮೂಗಿಲ್ಲ, ಇನ್ನೊಬ್ಬಳಿಗೆ ಇರಬಾರದಷ್ಟು ಮೂಗು. ಮುನಿನಾರಾಯಣಮ್ಮನ ಗಂಡ ಕೋದಂಡಪ್ಪನನ್ನು ಕೇಳುವಂತೆಯೇ ಇಲ್ಲ, ನಲವತ್ತು ವರ್ಷದ ನಶ್ಯ ಅವನ ಮೂಗನ್ನು ಎಂದೋ ಮುಗಿಸಿತ್ತು. ಚಂದನ ಸೆರಗು ಮೂಗಿಗೆ ಒತ್ತಿಕೊಂಡು ಗಡಿಯಾರ ನೋಡಿ ಗಂಟು ಎತ್ತುತ್ತಿದ್ದಳು. ಒಂದು ದಿನ ಸಪ್ಪೆ, ಒಂದು ದಿನ ಕಹಿ. ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು.

ಮುನಿನಾರಾಯಣಮ್ಮ ಹಿತ್ತಲ ಕಟ್ಟೆಯಲ್ಲಿ ಕೂತೇ ಇರುತ್ತಿದ್ದಳು. ದಿನಕ್ಕೆ ಮೂರು ಸಲ ಸ್ನಾನ. "ಪುಷ್ಪಾ, ದಿಟ ಏಳು, ನನ್ ಮೈ ನಾತ ಬತ್ತದಾ?" ಎಂದು ನನ್ನನ್ನು ಕೇಳುವಳು. ಇಲ್ಲ ಎಂದರೆ ನಂಬಳು. ಮುದ್ದೆ ಮುರಿದು ಹಾಗೇ ಬಿಡುವಳು. "ಜನ ಎಲ್ಲಾ ಗಾಜಿನ ಆಚೆ ಇದ್ದಂಗೈತೆ ಕಣೆ" ಎಂದಳು ಒಂದು ದಿನ. ಬಾಯಿ ಜೋರಿನ ಹೆಂಗಸು ಅಷ್ಟು ಮೆಲ್ಲಗೆ ಮಾತಾಡಿದ್ದು ಕೇಳಿ ನನಗೆ ಹೆದರಿಕೆಯಾಯಿತು.

ಕೋಲಾರಕ್ಕೆ ಎಳೆದುಕೊಂಡು ಹೋದವಳು ನಾನೇ. ಮೂಗಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ಒಳಗಿನ ನರ ಪೆಟ್ಟು ತಿಂದಿದೆ, ಮತ್ತೆ ಕಲಿಸಬೇಕು ಎಂದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಎಣ್ಣೆಗಳು ನಾಲ್ಕು ಬಾಟಲಿಯಲ್ಲಿ. ಬೆಳಿಗ್ಗೆ ಸಂಜೆ ಒಂದೊಂದನ್ನೂ ಇಪ್ಪತ್ತು ಸೆಕೆಂಡು ಮೂಸುವುದು, ಮೂಸುವಾಗ ಆ ಪರಿಮಳವನ್ನು ನೆನಪು ಮಾಡಿಕೊಳ್ಳುವುದು. ತಿಂಗಳುಗಟ್ಟಲೆ ಹಿಡಿಯಬಹುದು, ಬಂದೇ ಬರುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದರು.

"ಇಲ್ದಿರೋ ಮೂಗ್ಗೆ ಇಸ್ಕೂಲಾ?" ಎಂದಳು ಬಸ್ಸಿನಲ್ಲಿ. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. "ಏಳನೇ ತಿಂಗ್ಳಿಗೆ ಚಂದನ ತೌರಿಗೆ ಓಯ್ತಾಳೆ. ಆಮೇಲೆ ಗಂಟು ಎತ್ತೋರು ಯಾರು? ಎತ್ತೋರಿಲ್ಲ ಅಂದ್ರೆ ಗಾಡಿ ಮುಚ್ತು" ಎಂದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಆದರೆ ಬಾಟಲಿಗಳ ಚೀಲ ಅವಳ ಮಡಿಲಲ್ಲೇ ಇತ್ತು.

ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಅವಳ ಹಿತ್ತಲಿಗೆ ಹೋಗಿ ನಾನು ಇಪ್ಪತ್ತು ಎಣಿಸುತ್ತಿದ್ದೆ. ಮೊದಮೊದಲು ಬರೀ ಗಾಳಿ. ನೆನಪು ಮಾಡಿಕೋ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ನಾನು ಪೀಡಿಸಿ ಕೇಳುವೆ, ಅವಳು ಹೇಳುವಳು. ನೀಲಗಿರಿ ಎಂದರೆ ಅವ್ವ ನರಸಮ್ಮನ ಜೊತೆ ತೋಪಿನಲ್ಲಿ ತರಗು ಗುಡಿಸಿದ್ದು. ಲವಂಗ ಎಂದರೆ ಮದುವೆ ದಿನ ಹಲ್ಲುನೋವಿಗೆ ಲವಂಗ ಕಚ್ಚಿಕೊಂಡೇ ತಾಳಿ ಕಟ್ಟಿಸಿಕೊಂಡದ್ದು. ಮದುಮಗಳು ಬಾಯಿ ಬಿಡದ ಸಾಧ್ವಿ ಎಂದು ಗಂಡಿನ ಕಡೆಯವರು ಮೋಸ ಹೋದದ್ದು. ಅದನ್ನು ಹೇಳುತ್ತ ಅವಳು ನಕ್ಕಳು. ಸಂಕ್ರಾಂತಿಯ ನಂತರ ನಾನು ಕೇಳಿದ ಮೊದಲ ನಗು.

ಮೂರು ತಿಂಗಳಾದರೂ ಒಂದು ಬಾಟಲಿಯೂ ಮಾತಾಡಲಿಲ್ಲ. ಆದರೆ ಅವಳು ಮಾತಾಡತೊಡಗಿದ್ದಳು. ಸ್ನಾನ ದಿನಕ್ಕೆ ಒಂದಕ್ಕೆ ಇಳಿಯಿತು. ತಲೆ ಬಾಚಿದಳು, ಮುದ್ದೆ ಪೂರ್ತಿ ಉಂಡಳು, ನಾನು ಹೊಲಿದ ರವಿಕೆಯ ತೋಳು ಬಿಗಿ ಎಂದು ಜಗಳಕ್ಕೆ ಬಂದಳು. ಮೂಗಿಗಿಂತ ಮೊದಲು ಬಾಯಿ ವಾಪಸು ಬಂತು. ಆ ಜಗಳದಲ್ಲಿ ಸೋತು ನಾನು ಎಂದೂ ಇಲ್ಲದಷ್ಟು ಖುಷಿಪಟ್ಟೆ.

ಮೇ ತಿಂಗಳ ಒಂದು ಬೆಳಿಗ್ಗೆ ಹದಿಮೂರು ಎಣಿಸುವಷ್ಟರಲ್ಲಿ ಅವಳು ಕೈ ಎತ್ತಿದಳು. ನೀಲಗಿರಿ ಬಾಟಲಿ. "ಐತೆ" ಎಂದಳು. "ದೂರದಾಗೆ ಯಾರೋ ತರಗು ಸುಟ್ಟಂಗೆ." ಇಬ್ಬರೂ ಅತ್ತೆವು, ನಾಚಿಕೆಯೇನಿಲ್ಲ. ಆಮೇಲೆ ಲವಂಗ ಬಂತು, ನಿಂಬೆ ಅರ್ಧ ಬಂತು. ಕಾಫಿ ಇನ್ನೂ ಸುಟ್ಟ ರಬ್ಬರಿನಂತೆ. ಗುಲಾಬಿ ಇವತ್ತಿಗೂ ಬಂದಿಲ್ಲ.

ಜೂನ್ ಕೊನೆಯ ಭಾನುವಾರ ಚಂದನ ತೌರಿಗೆ ಹೋದಳು. ಸೋಮವಾರ ಮಧ್ಯಾಹ್ನ ಮುನಿನಾರಾಯಣಮ್ಮ ಒಬ್ಬಳೇ ಪಾತ್ರೆಯ ಮುಂದೆ ಕೂತಳು. ನಾನೂ ಕೋದಂಡಪ್ಪನೂ ಬಾಗಿಲಲ್ಲಿ ನಿಂತಿದ್ದೆವು. ಅವಳು ಬಾಗಿ ಕಣ್ಣು ಮುಚ್ಚಿದಳು. ಬಹಳ ಹೊತ್ತೇನಲ್ಲ. ಗಂಟು ಎತ್ತಿ ಹಿಂಡಿ ಪಕ್ಕಕ್ಕಿಟ್ಟು, ದೇವರಿಗೆ ಒಂದು ಲೋಟ ಇಟ್ಟು, ಸೀರೆ ಬದಲಿಸಲು ಒಳಗೆ ಹೋದಳು. ಇಷ್ಟು ಬೇಗ ಎತ್ತಿದಳಲ್ಲ ಎಂದು ಕೋದಂಡಪ್ಪನ ಮುಖ ಸಣ್ಣಗಾಯಿತು. ನನ್ನದೂ ಆಗಿರಬೇಕು. ನಾನು ಅಂಗಡಿಗೆ ಹೋದೆ.

ಸಂಜೆ ನಾಲ್ಕಕ್ಕೆ ಗಾಡಿ ಬಂತು. ಸೆಲ್ವರಾಜ್ ಸುದ್ದಿ ಹಬ್ಬಿಸಿದ್ದ, ಹತ್ತಾರು ಜನ ಸೇರಿದ್ದರು. ಅವಳು ಮುಚ್ಚಳ ತೆಗೆದಳು. ಸೌಟು ಹಾಕಲು ಹೋದವಳು ನಿಂತಳು. ಬಾಗಿದಳು. ಮತ್ತೊಮ್ಮೆ ಬಾಗಿದಳು. ನನ್ನ ಹೊಲಿಗೆ ಮಿಷನ್ನು ನಿಂತುಹೋಯಿತು.

"ಎತ್ತಿದ್ ಗಂಟ್ನ ತಿರ್ಗಾ ಇಳ್ಸಿದ್ದು ಯಾರು?" ಎಂದಳು.

ಕೋದಂಡಪ್ಪ ನಶ್ಯದ ಡಬ್ಬಿಯನ್ನು ಸುಮ್ಮನೆ ತಿರುಗಿಸುತ್ತ ನಿಂತಿದ್ದ.

"ನಿನ್ನೇ ಕೇಳ್ತಿರೋದು. ಕಾಲ್ ಗಂಟೆ ಜಾಸ್ತಿ ಬಿದ್ದೈತೆ ಇದು."

"ನೀ ಬೇಗ ಎತ್ಬುಟ್ಟೆ ಅನ್ಕಂಡೆ ಕಣೆ" ಎಂದ ಅವನು. "ಹತ್ತೇ ನಿಮಿಷ ಇಳ್ಸಿದ್ದು."

"ಕಾಲ್ ಗಂಟೆ" ಎಂದಳು ಮುನಿನಾರಾಯಣಮ್ಮ.

ಅವನು ಅವಳನ್ನೇ ನೋಡಿದ. ಕಳ್ಳತನದಲ್ಲಿ ಸಿಕ್ಕಿಬಿದ್ದು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. "ಊಂ" ಎಂದ, ಕಣ್ಣು ಒರೆಸಿಕೊಳ್ಳುತ್ತ. "ಗಡಿಯಾರ ನೋಡ್ಕಂಡೇ ಇಳ್ಸಿದ್ದೆ. ಕಾಲ್ ಗಂಟೇನೆ."