ಕುಂಕುಮದ ಕೆಳಗೆ ಎರಡು ರಿವೆಟ್

ಈಗ ಹೇಳುವುದನ್ನು ನೀವು ನಂಬುವುದಿಲ್ಲ, ಅದು ನನಗೆ ಗೊತ್ತು. ನನ್ನ ಕ್ಲಾಸಿನವರೂ ನಂಬಿರಲಿಲ್ಲ. ಕರೆದುಕೊಂಡು ಬಂದು ತೋರಿಸಬೇಕಾಯಿತು. ಪರ್ತ್‌ನ ಕ್ಯಾನಿಂಗ್ಟನ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ ಕಾರಿಲ್ಲ, ವಿಮಾನವಿದೆ. ಸದ್ಯಕ್ಕೆ ಒಂದು ಬಾಲ, ಒಂದೂವರೆ ರೆಕ್ಕೆ. ಅಪ್ಪನ ಕಾರು ಹೊರಗೆ ನೀಲಗಿರಿ ಜಾತಿಯ ಗಮ್ ಮರದ ಕೆಳಗೆ ನಿಲ್ಲುತ್ತದೆ. ಕಾಕಟೂ ಹಕ್ಕಿಗಳ ಕೃಪೆಯಿಂದ ಅದರ ಮೂಲ ಬಣ್ಣ ಯಾವುದೆಂದು ಈಗ ಅಪ್ಪನಿಗೇ ನೆನಪಿಲ್ಲ.

ವಿಮಾನ ಕಟ್ಟುತ್ತಿರುವುದು ಅಪ್ಪ ಅಲ್ಲ, ಅಮ್ಮ. ಮನೆಗೆ ಬಂದ ಅಂಕಲ್‌ಗಳೆಲ್ಲ ಅಪ್ಪನ ಭುಜ ತಟ್ಟಿ, "ಎಲ್ಲಿಗ್ ಬಂತು ಸಾರ್ ನಿಮ್ ಪ್ಲೇನು?" ಎಂದು ಕೇಳುತ್ತಾರೆ. ಅಪ್ಪ, "ನಂಗೇನ್ ಗೊತ್ತು? ನಂದು ಟೀ ಡಿಪಾರ್ಟ್‌ಮೆಂಟು," ಎನ್ನುತ್ತಾನೆ. ಅಮ್ಮ ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು. ಇಲ್ಲಿ ಗಣಿ ಯಂತ್ರಗಳ ಕೆಲಸ. ಶನಿವಾರ, ಭಾನುವಾರ ಅಲ್ಯೂಮಿನಿಯಂ ತಗಡು. ಇದು ಮುಗಿದ ದಿನ ಮೊದಲು ಹಾರಿಸುವವಳು ತಾನೇ ಎಂದು ಲೈಸೆನ್ಸನ್ನೂ ಪಡೆದಿಟ್ಟುಕೊಂಡಿದ್ದಾಳೆ.

ತಗಡು ಜೋಡಿಸುವ ರಿವೆಟ್ ಎಂಬ ಗುಂಡುಮೊಳೆ ಹೊಡೆಯಲು ಸಾಮಾನ್ಯವಾಗಿ ಇಬ್ಬರು ಬೇಕು. ಒಬ್ಬರು ಮುಂದಿನಿಂದ ಗಾಳಿಯ ಗನ್ ಹಿಡಿದು ಟರ್ರ್ ಎಂದು ಹೊಡೆಯಬೇಕು. ಇನ್ನೊಬ್ಬರು ಹಿಂದಿನಿಂದ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಆಗ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಎರಡು ತಗಡುಗಳನ್ನು ಕಚ್ಚಿ ಹಿಡಿಯುತ್ತದೆ. ನಾನು ಗಟ್ಟಿ ಹಿಡಿಯುವವಳು. ಎರಡು ವರ್ಷ ಹಿಡಿದು ನನ್ನ ಎಡಗೈ ಬಲಗೈಗಿಂತ ಒಂದಿಂಚು ಉದ್ದವಾಗಿದೆ ಎಂದು ಶಾಲೆಯಲ್ಲಿ ಹೇಳಿದ್ದೆ. ಪಿ.ಟಿ. ಟೀಚರ್ ಅಳತೆ ಪಟ್ಟಿ ತಂದ ಮೇಲೆ ಆ ಮಾತು ಬಿಟ್ಟೆ.

ತಪ್ಪು ಹೊಡೆತಕ್ಕೆ ಅಮ್ಮ ಬೈಯುವುದಿಲ್ಲ. ಅದು ನನ್ನ ಕಥೆಯ ಅತಿ ಕೆಟ್ಟ ಭಾಗ, ಮುಂದೆ ಮಾಡಿದ್ದಕ್ಕೆ ನನಗೊಂದು ನೆಪವೂ ಇಲ್ಲ. ಕೆಟ್ಟ ರಿವೆಟ್ಟಿನ ಪಕ್ಕ ಒಂದು ತುಂಡು ನೀಲಿ ಟೇಪ್ ಅಂಟಿಸಬೇಕು, ಅಷ್ಟೇ. ಸಂಜೆ ಅಮ್ಮ ಟೇಪುಗಳನ್ನು ಹುಡುಕಿ, ಆ ರಿವೆಟ್ಟಿನ ತಲೆಯ ನಡುಮಧ್ಯಕ್ಕೆ ಡ್ರಿಲ್ ಇಟ್ಟು, ತಲೆ ಹಾರಿಸಿ, ಬಾಲ ತಟ್ಟಿ ತೆಗೆದು, ಹೊಸದು ಹಾಕುತ್ತಾಳೆ. ಅವಳ ಕೈಯ ತಪ್ಪುಗಳೇ ನನ್ನವಕ್ಕಿಂತ ಹೆಚ್ಚು. ಟೇಪ್ ಅಂಟಿಸುವಾಗ ಅವಳಿಗೆ ಒಂದಿಷ್ಟೂ ನಾಚಿಕೆಯಿಲ್ಲ.

ನಾಚಿಕೆಯೆಲ್ಲ ನನಗೇ ಬಂದಿತ್ತು. ಬ್ರಿಸ್ಬೇನ್‌ನ ನಾರ್ತ್ ಲೇಕ್ಸ್‌ನಲ್ಲಿ ನನ್ನ ದೊಡ್ಡಮ್ಮನ ಮಗಳಿದ್ದಾಳೆ. ನನಗಿಂತ ಮೂರು ತಿಂಗಳು ದೊಡ್ಡವಳು, ಅಷ್ಟಕ್ಕೇ ಅಕ್ಕ ಅನ್ನಿಸಿಕೊಳ್ಳಬೇಕು. ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನ ವಿಡಿಯೋ ಕಾಲ್‌ನಲ್ಲಿ ಅವಳು ತನ್ನ ಡ್ರೈವಿಂಗ್ ಬಗ್ಗೆ ಕೊಚ್ಚಿಕೊಳ್ಳುತ್ತಿದ್ದಳು. ನಾನು ಸುಮ್ಮನಿರಲಿಲ್ಲ.

"ನಾನು ಪ್ಲೇನೇ ಕಟ್ತಿದ್ದೀನಿ ಕಣೇ."

"ಚಿಕ್ಕಮ್ಮ ಕಟ್ತಿದ್ದಾರೆ. ನೀನು ಕಬ್ಬಿಣ ಹಿಡ್ಕೊಂಡ್ ನಿಂತಿರ್ತೀಯ. ಟವೆಲ್ ಸ್ಟ್ಯಾಂಡ್ ಥರ."

"ಟವೆಲ್ ಸ್ಟ್ಯಾಂಡಾ? ನೋಡ್ತಿರು!"

ಅಮ್ಮ ಹೂವು, ತೆಂಗಿನಕಾಯಿ ತರಲು ಹೋಗಿದ್ದಳು. ಫೋನನ್ನು ಟೂಲ್‌ಬಾಕ್ಸಿಗೆ ಒರಗಿಸಿದೆ. ರೆಕ್ಕೆಯ ಬುಡದಲ್ಲಿ, ಉದ್ದನೆಯ ತೊಲೆಗೆ ಅಡ್ಡಪಟ್ಟಿ ಸೇರುವ ಕಡೆ ಎರಡು ರಿವೆಟ್ ಬಾಕಿಯಿದ್ದವು. ಒಂದು ಕೈಯಲ್ಲಿ ಗನ್, ಇನ್ನೊಂದರಲ್ಲಿ ಗಟ್ಟಿ, ಕಣ್ಣು ಫೋನಿನ ಮೇಲೆ. ಮೊದಲನೆಯದರ ಬಾಲ ಮಡಿಸಿಕೊಂಡು ಮಲಗಿತು. ಎರಡನೆಯದಕ್ಕೆ ಗನ್ ಜಾರಿ, ತಗಡಿನ ಮೇಲೆ ನಗುವ ಬಾಯಿಯ ಆಕಾರದ ಗಾಯವಾಯಿತು.

"ಅದೇನೇ ಅದು, ರಿವೆಟ್ಟಾ? ತುಳಿದ ಬೋಂಡಾ ಇದ್ದ ಹಾಗಿದೆ!" ಅಕ್ಕ ಹಾಸಿಗೆಯ ಮೇಲೆ ಉರುಳಾಡಿ ನಗುತ್ತಿದ್ದಳು.

ಟೇಪ್ ಅಂಟಿಸಬಹುದಿತ್ತು. ಬದಲಿಗೆ, "ಇರು, ಫಿಕ್ಸ್ ಮಾಡಿ ತೋರಿಸ್ತೀನಿ," ಎಂದೆ. ಮೊದಲನೆಯದರ ತಲೆಗೆ ಇಟ್ಟ ಡ್ರಿಲ್ ನಡುಮಧ್ಯ ನಿಲ್ಲದೆ ಪಕ್ಕಕ್ಕೆ ಓಡಿತು. ದುಂಡಗಿದ್ದ ತೂತು ಇಂಗ್ಲಿಷಿನ ಎಂಟರ ಹಾಗಾಯಿತು. ಆ ತೂತಿಗೇ ಹೊಸ ರಿವೆಟ್ ತುರುಕಿ ಹೊಡೆದೆ. ತಲೆಯ ಕಡೆಯಿಂದ ನೋಡಿದರೆ ಪರವಾಗಿಲ್ಲ, ಕೆಳಗಿನ ಹಾಳನ್ನು ಅದು ಮುಚ್ಚಿತ್ತು. ಬಾಲದ ಕಡೆಯಿಂದ ನೋಡಿದರೆ ಚೂಯಿಂಗ್ ಗಮ್. ಅಷ್ಟರಲ್ಲಿ ಅಮ್ಮ ಬಂದಳು, ನಾನು ಫೋನ್ ಕಟ್ ಮಾಡಿದೆ.

ಮರುದಿನ ಪೂಜೆ. ಒದ್ದೆ ಕುಂಕುಮ ಅಲ್ಯೂಮಿನಿಯಂಗೆ ತಾಗಬಾರದು ಎಂದು ಅಮ್ಮ ಗನ್‌ಗೆ, ಡ್ರಿಲ್ಲಿಗೆ, ರೆಕ್ಕೆಗೆ ನೀಲಿ ಟೇಪಿನ ಚೌಕ ಅಂಟಿಸಿ, ಅದರ ಮೇಲೆ ಅರಿಶಿನ ಕುಂಕುಮ ಇಡುತ್ತಿದ್ದಳು. ಬರೀ ಟೇಪ್ ಎಂದರೆ ತಪ್ಪು. ಕುಂಕುಮವಿದ್ದ ಟೇಪ್ ಎಂದರೆ ದೇವರು. ಇದು ಹೊಳೆದಾಗ ನನ್ನ ಬುದ್ಧಿಗೆ ನಾನೇ ಮನಸ್ಸಿನಲ್ಲಿ ಚಪ್ಪಾಳೆ ಹೊಡೆದೆ.

"ಅಮ್ಮ, ರೆಕ್ಕೆಗೆ ನಾನಿಡ್ಲಾ?"

ಅಮ್ಮ ಬಟ್ಟಲು ಹಿಡಿದುಕೊಂಡು ನನ್ನನ್ನೇ ನೋಡಿದಳು. ನಾನೋ, ಕನ್ನಡದಲ್ಲಿ ಯಾರಾದರೂ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಪೂಜೆ ಎಂದರೆ ಇಯರ್‌ಫೋನ್ ಹಾಕಿಕೊಳ್ಳುವವಳು. "ಇಡು ಪುಟ್ಟಾ," ಎಂದಳು. ಆ ಎರಡು ರಿವೆಟ್ಟಿನ ಮೇಲೆ ಒಂದು ಅಗಲವಾದ ಟೇಪ್, ಅದರ ಮೇಲೆ ಕುಂಕುಮ, ಭಕ್ತಿ ಸಾಲದೆಂದು ಎರಡು ಅಕ್ಕಿಕಾಳು. ಅಮ್ಮ ಫೋಟೋ ತೆಗೆದು ಮೈಸೂರಿನ ಅಜ್ಜಿಗೆ ಕಳಿಸಿದಳು. ಐದೇ ನಿಮಿಷಕ್ಕೆ ಅಜ್ಜಿಯ ಫೋನ್. "ನನ್ನ ಬಂಗಾರ, ನಿಮ್ಮಮ್ಮನ್ನ ನೀನೇ ಕಾಪಾಡೋದು," ಎಂದು ಅತ್ತೇಬಿಟ್ಟರು. ನಾನು ಥ್ಯಾಂಕ್ಯೂ ಎಂದೆ. ಹೌದು, ಥ್ಯಾಂಕ್ಯೂ ಎಂದೆ.

ಮುಂದಿನ ವಾರ ಅಡಿಲೇಡ್‌ನಿಂದ ಅಮ್ಮನ ಪರಿಚಯದ ಅಂಕಲ್ ಒಬ್ಬರು ಬಂದರು. ಮಂಗಳೂರು ಕಡೆಯ ಕ್ಯಾಥೊಲಿಕ್ ಹಿರಿಯರು, ಗಲ್ಫ್‌ನಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದವರು, ಸ್ವಂತಕ್ಕೂ ಒಂದು ಕಟ್ಟಿ ಹಾರಿಸಿದವರು. ಈಗ ಅಲ್ಲಿನ ಗ್ಲೆನೆಲ್ಗ್‌ನಲ್ಲಿ ಮಗನ ಮನೆಯಲ್ಲಿದ್ದಾರೆ. ಭಾನುವಾರ ರೆಕ್ಕೆಯ ಕೆಳಭಾಗದ ತಗಡು ಮುಚ್ಚಬೇಕಿತ್ತು. ಮುಚ್ಚಿದರೆ ಆ ಬುಡಕ್ಕೆ ಮತ್ತೆ ಯಾರ ಕೈಯೂ ಹೋಗುವುದಿಲ್ಲ. ಅದಕ್ಕೇ ಅಮ್ಮ, ಕಟ್ಟಿದವರ ಕಣ್ಣಿಗೆ ತಪ್ಪಿದ್ದನ್ನು ಹಿಡಿಯಲಿ ಎಂದು ಅವರನ್ನು ಕರೆಸಿದ್ದಳು.

ಅಂಕಲ್ ಟಾರ್ಚ್, ಹಲ್ಲಿನ ಡಾಕ್ಟರ ಬಳಿಯಿರುವಂಥ ಸಣ್ಣ ಕನ್ನಡಿ ಹಿಡಿದು ಮೂರು ಗಂಟೆ ನೋಡಿದರು. ಅಮ್ಮನ ನಾಲ್ಕು ತಪ್ಪು ಹಿಡಿದರು. ಒಂದೊಂದಕ್ಕೂ ಅಮ್ಮ ಲಾಟರಿ ಹೊಡೆದವಳಂತೆ ಟೇಪ್ ಅಂಟಿಸಿದಳು. ಕೊನೆಗೆ ಬುಡಕ್ಕೆ ಬಂದರು.

"ಇದೆಂತ ಮಾರಾಯ್ತಿ?"

"ಅದು ಪೂಜೆದು ಅಂಕಲ್. ಮಗಳು ಇಟ್ಟಿದ್ದು. ಅದೊಂದು ಇರ್ಲಿ, ಬಿಡಿ."

ಪ್ರತಿ ರಿವೆಟ್ಟನ್ನೂ ಅನುಮಾನದಿಂದ ನೋಡಿದ ಆ ಮನುಷ್ಯ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. "ಹೋ, ದೇವರದ್ದಾ? ನಾನು ಮುಟ್ಟುವುದಿಲ್ಲ," ಎಂದು ನನ್ನ ಕಡೆ ತಿರುಗಿ, "ಒಳ್ಳೆ ಮಗಳು," ಎಂದರು. ಟಾರ್ಚ್ ಆರಿಸಿದರು. ನನ್ನ ಕಿವಿ ಎಷ್ಟು ಬಿಸಿಯಾಯಿತೆಂದರೆ ಅಲ್ಲಿ ದೋಸೆ ಹುಯ್ಯಬಹುದಿತ್ತು.

ಶನಿವಾರ ಮಧ್ಯಾಹ್ನ ಅಂಕಲ್‌ಗಾಗಿ ಹಿತ್ತಲಿನಲ್ಲಿ ಬಾರ್ಬಿ, ಅಂದರೆ ಬಾರ್ಬೆಕ್ಯೂ, ಇತ್ತು; ಸ್ನೇಹಿತರೆಲ್ಲ ಬಂದಿದ್ದರು. ಅಪ್ಪ ಪನೀರ್, ಚಿಕನ್ ಎರಡನ್ನೂ ಸಮಾನವಾಗಿ ಸುಟ್ಟು ಕರಕಲು ಮಾಡುತ್ತಿದ್ದ. ನಾನು ಮೆಲ್ಲಗೆ ಗ್ಯಾರೇಜಿಗೆ ಹೋಗಿ ಅಕ್ಕನಿಗೆ ಫೋನ್ ಮಾಡಿದೆ.

"ನಾಳೆ ಮುಚ್ತಾರೆ ಕಣೇ. ಇವತ್ತೇ ತೆಗೀಬೇಕು."

ಅಕ್ಕ ಈ ಸಲ ನಗಲಿಲ್ಲ. "ಚಿಕ್ಕಮ್ಮಂಗೆ ಹೇಳು."

"ಹುಚ್ಚಾ ನಿಂಗೆ? ಅಜ್ಜಿ ಆ ಫೋಟೋನ ಇಡೀ ಮೈಸೂರಿಗೆ ಕಳ್ಸಿದ್ದಾರೆ."

"ಚಿಕ್ಕಮ್ಮ ಅದ್ರಲ್ಲಿ ಹಾರ್ತಾರೆ ಕಣೇ. ಸ್ಟುಪಿಡ್."

ಟೇಪ್ ಕಿತ್ತೆ. ಸದ್ದು ಕಡಿಮೆಯೆಂದು ಬ್ಯಾಟರಿ ಡ್ರಿಲ್ ತೆಗೆದುಕೊಂಡೆ. ತಲೆ ಹಾರಿತು, ರಿವೆಟ್ ಕಳಚಿತು. ಕೆಳಗಿದ್ದ ತೂತನ್ನು ಆಗಲೇ ಸರಿಯಾಗಿ ನೋಡಿದ್ದು. ಒಂದು ಬದಿ ಅಡ್ಡಪಟ್ಟಿಯ ಅಂಚಿಗೆ ಕೂದಲೆಳೆಯಷ್ಟು ಹತ್ತಿರ ಹೋಗಿತ್ತು. ದೊಡ್ಡ ಸೈಜಿನ ರಿವೆಟ್ ಹಿಡಿದು ನೋಡಿದೆ. ಹಾಕಿದ್ದರೆ ಅಂಚೇ ಹರಿಯುತ್ತಿತ್ತು. ನನಗೆ ಅಳು ಬಂತು. ಅಕ್ಕನಿಗೆ ಕಾಣದಿರಲೆಂದು ಫೋನ್ ಬೋರಲು ಹಾಕಿದೆ.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಹಿತ್ತಲಿನಲ್ಲಿ ಅಷ್ಟೊಂದು ಜನ ಮಾತಾಡುತ್ತಿದ್ದರೂ ಅವಳಿಗೆ ಡ್ರಿಲ್ ಕೇಳಿಸಿತ್ತು.

ಹೇಳಲು ಮೂರು ಸುಳ್ಳು ಸಿದ್ಧವಿದ್ದವು, ಒಂದರಲ್ಲಿ ಇಲಿಯೂ ಇತ್ತು. ಆದರೆ ಕೈಯಲ್ಲಿ ಕುಂಕುಮದ ಟೇಪ್ ಇತ್ತು. ಅಮ್ಮ ಅದನ್ನು ನೋಡಿದಳು, ತೂತನ್ನು ನೋಡಿದಳು.

"ಎಷ್ಟು?"

"ಎರಡು."

"ಯಾವತ್ತು ಹೊಡ್ದಿದ್ದು?"

"ಪೂಜೆ ಹಿಂದಿನ್ ದಿನ."

ಅವಳು ಸ್ಟೂಲಿನ ಮೇಲೆ ಕುಳಿತಳು. "ಅಂಕಲ್ ನೋಡೋಕ್ ಬಂದಾಗ ಬಿಡಿ ಅಂದಿದ್ದು ನಾನು," ಎಂದಳು, ನನಗಲ್ಲ, ತನಗೇ. ಆಮೇಲೆ, "ಅವತ್ತೇ ಟೇಪ್ ಹಾಕಿದ್ರೆ ಅರ್ಧ ಗಂಟೆ ಕೆಲ್ಸ ಕಣೇ. ಈಗ ಈ ಪಟ್ಟೀನೇ ಬಿಚ್ಬೇಕು."

"ಸಾರಿ ಅಮ್ಮ."

"ಬೇರೆ ಎಲ್ಲೆಲ್ಲಿ ಹೊಡ್ದಿದ್ದೀಯಾ?"

"ಎಲ್ಲೂ ಇಲ್ಲಮ್ಮ. ನಿಜವಾಗ್ಲೂ. ಇವೆರಡೇ."

ಅದು ನಿಜ. ಅವತ್ತು ನಾನು ಆಡಿದ ಮಾತಿನಲ್ಲಿ ಅದೊಂದರಲ್ಲೇ ಉತ್ಪ್ರೇಕ್ಷೆ ಇರಲಿಲ್ಲ. ಅಮ್ಮ ಎದ್ದು ನನ್ನ ಕೈಯಿಂದ ಡ್ರಿಲ್ ತೆಗೆದುಕೊಂಡು ಮೇಲಿನ ಶೆಲ್ಫಿನಲ್ಲಿಟ್ಟಳು. ಬಾಗಿಲ ಬಳಿ ಹೋಗಿ, "ಅಂಕಲ್, ಸ್ವಲ್ಪ ಬರ್ತೀರಾ? ನಾಳೆ ಮುಚ್ಚಲ್ಲ," ಎಂದು ಕೂಗಿದಳು. ಟಾರ್ಚ್ ಹಾಕಿ, ರೆಕ್ಕೆಯ ಆ ತುದಿಗೆ ಹೋಗಿ ಬಗ್ಗಿ, ಮೊದಲನೆಯ ರಿವೆಟ್ಟಿನಿಂದ ಒಂದೊಂದಾಗಿ ನೋಡಲು ಶುರುಮಾಡಿದಳು.